ಬೇಸರ ತಂದ ಸರಣಿಯನ್ನು ನಾನೇ ಕತ್ತರಿಸಿ ಸರಿಮಾಡಬಹುದೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಾನೂ ನನ್ನ ಅಕ್ಕನೂ ‘ಗೇಮ್ ಆಫ್ ಥ್ರೋನ್ಸ್’ ಎಂಬ ಇಂಗ್ಲಿಷ್ ಟಿ.ವಿ. ಸರಣಿಯ ಎಂಟೂ ಸೀಸನ್‌ಗಳನ್ನು ಬಿಡದೆ ನೋಡಿದವರು. ಕೊನೆಯ ಸೀಸನ್ ಇಬ್ಬರಿಗೂ ತೀರಾ ನಿರಾಸೆ ತಂದಿತು. ಇಂಥ ಚಿತ್ರಗಳನ್ನು ಅಭಿಮಾನಿಗಳೇ ಮರುಸಂಕಲನ ಮಾಡಿ ‘ಫ್ಯಾನ್ ಎಡಿಟ್’ ತಯಾರಿಸುತ್ತಾರೆಂದು ತಿಳಿದು, ಆ ಆರು ಕಂತುಗಳನ್ನು ಮೂರು ಗಂಟೆಯ ಒಂದು ಸಿನಿಮಾ ಮಾಡಲು ಕುಳಿತೆ. ಎರಡು ತಿಂಗಳಾಯಿತು. ಕತೆ ಮೊದಲಿಗಿಂತ ಕೆಟ್ಟಿದೆ. ಕತ್ತರಿಸಿದ ಕಡೆಯಲ್ಲೆಲ್ಲ ಸಂಗೀತ ಜಿಗಿಯುತ್ತದೆ. ಕೆಲವು ಕಡೆ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? ಇದು ಕಾನೂನಿಗೆ ವಿರುದ್ಧವೇ? ಬೇರೆಯವರ ಕೃತಿಗೆ ಕೈಹಾಕಲು ನೀನು ಯಾರು ಎಂದು ಅಕ್ಕ ಕೇಳುತ್ತಾಳೆ. ಏನು ಹೇಳಲಿ?

ಉತ್ತರ: ಎರಡು ತಿಂಗಳು ಕುಳಿತಿದ್ದೀರಿ ಎಂದರೆ ತಾಳ್ಮೆ ಇದೆ, ಈ ಕೆಲಸದ ಅರ್ಧ ಬಂಡವಾಳ ಅದೇ. ನೀವು ತಪ್ಪಿರುವುದು ಕತ್ತರಿ ಹಿಡಿದ ಕೈಯಲ್ಲಲ್ಲ, ಆರಿಸಿಕೊಂಡ ಬಟ್ಟೆಯಲ್ಲಿ. ಜವಳಿಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಡಿಲವಾದ ಅಂಗಿಯನ್ನು ದರ್ಜಿ ಹಿಡಿಸಿಕೊಡುತ್ತಾನೆ. ಅಂಗಿ ಗಿಡ್ಡವಾಗಿದ್ದರೆ ಅವನೇನು ಮಾಡಿಯಾನು?

ನಿಮ್ಮ ಸರಣಿಯ ಲೆಕ್ಕವನ್ನೇ ನೋಡಿ. ಮೊದಲ ಆರು ಸೀಸನ್‌ಗಳಲ್ಲಿ ತಲಾ ಹತ್ತು ಕಂತು, ಏಳನೆಯದರಲ್ಲಿ ಏಳು, 2019ರ ಕೊನೆಯದರಲ್ಲಿ ಆರೇ ಆರು. ಮೊದಲೆಲ್ಲ ಒಂದು ಪಾತ್ರ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಬೇಕಾದರೆ ದಾರಿಯಲ್ಲಿ ಯಾರನ್ನೋ ಕಾಣುತ್ತಿತ್ತು, ಜಗಳವಾಡುತ್ತಿತ್ತು, ಒಂದಿಷ್ಟು ಬದಲಾಗಿ ತಲುಪುತ್ತಿತ್ತು. ಕೊನೆಯಲ್ಲಿ ಎಲ್ಲರೂ ಬಸ್ಸು ಹತ್ತಿದವರ ಹಾಗೆ ಥಟ್ಟನೆ ಬಂದಿಳಿಯುತ್ತಾರೆ. ನಾಯಕಿಯರಲ್ಲೊಬ್ಬಳಾದ ಡೆನೇರಿಸ್ ಊರಿಗೆ ಊರನ್ನೇ ಸುಡುವುದು ಯಾರೂ ನಂಬಲಾಗದ ತಿರುವೇನಲ್ಲ. ಅಲ್ಲಿಗೆ ಏರಿಹೋಗುವ ಮೆಟ್ಟಿಲುಗಳು ಚಿತ್ರೀಕರಣವಾಗಲಿಲ್ಲ, ಅಷ್ಟೇ. ಚಿತ್ರೀಕರಣವಾಗದ ಮೆಟ್ಟಿಲನ್ನು ಕತ್ತರಿ ಕಟ್ಟಲಾರದು. ಏಳು ಗಂಟೆಯನ್ನು ನೀವು ಮೂರಕ್ಕೆ ಇಳಿಸಿದಾಗ ಇದ್ದ ನಾಲ್ಕು ಮೆಟ್ಟಿಲುಗಳಲ್ಲಿ ಎರಡು ಹೋದವು. ಆ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿಯೊಂದು ಸುದ್ದಿಯಾಗಿತ್ತು, ನೆನಪಿರಬಹುದು. ಅದರಲ್ಲಿ ಕೇಳಿದ್ದು ‘ಮರುಸಂಕಲನ ಮಾಡಿ’ ಎಂದಲ್ಲ, ಸಮರ್ಥ ಬರಹಗಾರರಿಂದ ಮತ್ತೆ ಮಾಡಿಸಿ ಎಂದು. ಕೋಪದಲ್ಲಿದ್ದರೂ ಜನ ರೋಗವನ್ನು ಸರಿಯಾಗಿಯೇ ಗುರುತಿಸಿದ್ದರು.

ಫ್ಯಾನ್ ಎಡಿಟ್‌ಗೆ ಹೇಳಿ ಮಾಡಿಸಿದ್ದು ಸಡಿಲವಾದ ಚಿತ್ರ. ‘ಹಾಬಿಟ್’ ಚಿತ್ರತ್ರಯವನ್ನು ತೆಗೆದುಕೊಳ್ಳಿ. ಒಂದೇ ಸಂಪುಟದ ಮಕ್ಕಳ ಕಾದಂಬರಿಯನ್ನು 2012ರಿಂದ 2014ರವರೆಗೆ ಮೂರು ಸಿನಿಮಾ ಮಾಡಿದರು. ಮೂರೂ ಸೇರಿ ಎಂಟು ಗಂಟೆಗೆ ಕೆಲವೇ ನಿಮಿಷ ಕಡಿಮೆ. ಪುಸ್ತಕದಲ್ಲಿ ಇಲ್ಲದ ಟಾರಿಯಲ್ ಎಂಬ ಪಾತ್ರ, ಅವಳಿಗೊಂದು ಪ್ರೇಮಕತೆ, ಬೆನ್ನಟ್ಟುವ ಮುಗಿಯದ ದೃಶ್ಯಗಳು. ಮೂರನ್ನೂ ಹೊಲಿದು ನಾಲ್ಕು ಗಂಟೆಯ ಆಸುಪಾಸಿಗೆ ಇಳಿಸಿದ ಅಭಿಮಾನಿಗಳಿದ್ದಾರೆ. ಕತ್ತರಿಸಿದ ಮೇಲೆ ಉಳಿದದ್ದು ಬಿಲ್ಬೋ ಎಂಬ ಸಣ್ಣ ಮನುಷ್ಯನ ಪ್ರಯಾಣ, ಎಂದರೆ ಮೂಲದಲ್ಲಿ ಇದ್ದ ಕತೆಯೇ. ಈ ಹವ್ಯಾಸವನ್ನು ಜನರ ಬಾಯಿಗೆ ತಂದದ್ದು 1999ರ ‘ಸ್ಟಾರ್ ವಾರ್ಸ್’ ಚಿತ್ರ ‘ದಿ ಫ್ಯಾಂಟಮ್ ಮೆನೇಸ್’. ಅದರಿಂದ ಹದಿನೆಂಟು ನಿಮಿಷದಷ್ಟು ಕಿತ್ತ ಒಂದು ಪ್ರತಿ ವಿಡಿಯೊ ಕ್ಯಾಸೆಟ್‌ಗಳಲ್ಲಿ ಕೈಯಿಂದ ಕೈಗೆ ಹರಿದಾಡಿತು. ಮಾಡಿದವರು ಮೈಕ್ ಜೆ. ನಿಕೋಲ್ಸ್, ವೃತ್ತಿಯಿಂದಲೇ ಸಂಕಲನಕಾರ. ಜಾರ್ ಜಾರ್ ಬಿಂಕ್ಸ್ ಎಂಬ ವಿದೂಷಕನ ಕೋಡಂಗಿಯಾಟವನ್ನು ಅವರು ಇಳಿಸಿದ್ದನ್ನೇ ಎಲ್ಲರೂ ಎತ್ತಿ ಆಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು, ಕಣ್ಣಿಗೆ ಕಂಡದ್ದನ್ನೇ ಬಾಯಿಬಿಟ್ಟು ವಿವರಿಸುವ ಸಾಲುಗಳನ್ನು ಅವರು ಒಂದೊಂದಾಗಿ ಆರಿಸಿ ತೆಗೆದದ್ದು. ನಮ್ಮಲ್ಲೇ ರಾಜಮೌಳಿಯವರು ‘ಬಾಹುಬಲಿ’ಯ ಎರಡು ಭಾಗಗಳ ಐದು ಗಂಟೆಗೂ ಮಿಕ್ಕಿದ ಕತೆಯನ್ನು ಮೂರು ಮುಕ್ಕಾಲು ಗಂಟೆಯ ಆಸುಪಾಸಿಗೆ ಇಳಿಸಿ 2025ರ ಅಕ್ಟೋಬರ್ 31ರಂದು ಬಿಡುಗಡೆ ಮಾಡಿದರು. ಅದು ಅಭಿಮಾನಿಯ ಕತ್ತರಿಯಲ್ಲ, ಒಡೆಯನದೇ ಕತ್ತರಿ. ಆದರೂ ಪಾಠ ಒಂದೇ: ತೆಗೆಯುವುದಕ್ಕೆ ಮೊದಲು ಅಲ್ಲಿ ಹೆಚ್ಚಾಗಿ ಇರಬೇಕು.

ನನ್ನ ಮೊದಲ ‘ಫ್ಯಾನ್ ಎಡಿಟ್’ ಕತೆ ಹೇಳಿಬಿಡುತ್ತೇನೆ. ನಿಮ್ಮ ಜಿಗಿಯುವ ಸಂಗೀತಕ್ಕೂ ಅದಕ್ಕೂ ನಂಟಿದೆ. ಮೂವತ್ತು ವರ್ಷಗಳಿಗೂ ಹಿಂದೆ ನಾನು ಈ ಊರಿನ ಒಂದು ಚಿತ್ರಮಂದಿರದಲ್ಲಿ ಆಪರೇಟರ್‌ಗೆ ಸಹಾಯಕನಾಗಿದ್ದೆ. ದುಗ್ಗಮ್ಮನ ಜಾತ್ರೆ, ಊರ ತುಂಬ ಜನ, ದಿನಕ್ಕೆ ಒಂದು ಆಟ ಹೆಚ್ಚು ತೋರಿಸಬೇಕು. ‘ಒಂದು ಹಾಡು ತೆಗೆಯಿರಿ’ ಎಂದು ಮ್ಯಾನೇಜರ್ ಅಪ್ಪಣೆ ಕೊಟ್ಟರು. ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 90 ಅಡಿ. ನಾಲ್ಕೂವರೆ ನಿಮಿಷದ ಹಾಡೆಂದರೆ ನಾನೂರು ಅಡಿ ಫಿಲ್ಮ್. ಬ್ಲೇಡಿನಿಂದ ಕೊಯ್ದು, ಕೆರೆದು, ಫಿಲ್ಮ್ ಅಂಟಿಸುವ ಸಿಮೆಂಟ್ ಹಚ್ಚಿ ಅಂಟಿಸಿದೆ. ಎರಡು ಅನಾಹುತಗಳಾದವು. ಆ ಹಾಡಿನ ನಡುವೆಯೇ ನಾಯಕನ ಕೈಗೆ ಗಾಯವಾಗುತ್ತಿತ್ತು. ಹಾಡು ಹೋದ ಮೇಲೆ ಅವನು ಸುಮ್ಮನೆ ಬ್ಯಾಂಡೇಜ್ ಕಟ್ಟಿಕೊಂಡು ಪ್ರತ್ಯಕ್ಷನಾದ. ಎರಡನೆಯದು ಇನ್ನೂ ಮಜವಾದದ್ದು. 35 ಮಿ.ಮೀ. ಪ್ರಿಂಟಿನಲ್ಲಿ ಒಂದು ಫ್ರೇಮಿನ ಶಬ್ದ ಆ ಫ್ರೇಮಿನ ಪಕ್ಕದಲ್ಲಿ ಇರುವುದಿಲ್ಲ, ಅದಕ್ಕಿಂತ ಸುಮಾರು 20 ಫ್ರೇಮ್ ಮೊದಲೇ ಅಚ್ಚಾಗಿರುತ್ತದೆ. ಹಾಗಾಗಿ ಹಾಡಿನ ಚಿತ್ರ ಪೂರ್ತಿ ಹೋಗಿದ್ದರೂ ಅದರ ಮೊದಲ ಮುಕ್ಕಾಲು ಸೆಕೆಂಡಿನ ಢೋಲಕ್ ಪೆಟ್ಟು ರೀಲಿನಲ್ಲೇ ಉಳಿದಿತ್ತು. ಬ್ಯಾಂಡೇಜ್ ಕಂಡೊಡನೆ ‘ಢಂ’ ಎಂದು ಒಂದು ಸದ್ದು, ಆಮೇಲೆ ಮೌನ. ಹಾಡು ಕದ್ದಿದ್ದಾರೆಂದು ಗಾಂಧಿ ಕ್ಲಾಸಿಗೆ ಆ ಕ್ಷಣವೇ ತಿಳಿಯಿತು. ಕುರ್ಚಿ ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ.

ಚಿತ್ರ ಸುಳ್ಳು ಹೇಳಿದರೂ ಜನ ಮನ್ನಿಸುತ್ತಾರೆ. ಶಬ್ದ ಸುಳ್ಳು ಹೇಳಿದರೆ ಹಿಡಿದುಬಿಡುತ್ತಾರೆ. ಆದ್ದರಿಂದ ನಿಮ್ಮ ಸಮಯದಲ್ಲಿ ಮೂರು ಪಾಲನ್ನು ಶಬ್ದಕ್ಕೆ, ಒಂದು ಪಾಲನ್ನು ಚಿತ್ರಕ್ಕೆ ಇಡಿ.

ಈಗಿನ ಚಿತ್ರಗಳ ಡಿಸ್ಕಿನಲ್ಲಿ 5.1 ಶಬ್ದ ಇರುತ್ತದೆ, ಎಂದರೆ ಆರು ಬೇರೆ ಬೇರೆ ಹಾದಿಗಳು: ಎಡ, ಬಲ, ನಡು, ಹಿಂಬದಿಯ ಎರಡು, ಗುಡುಗಿನಂಥ ಸದ್ದಿಗೊಂದು. ಮಾತುಗಳಲ್ಲಿ ಹೆಚ್ಚಿನವು ನಡುವಿನ ಹಾದಿಯಲ್ಲಿರುತ್ತವೆ. ಸಂಗೀತ ಬಹುಪಾಲು ಎಡಬಲದಲ್ಲಿ ಹರಡಿರುತ್ತದೆ. ಒಂದು ಮಾತು ಬೇಡವೆಂದರೆ ದೃಶ್ಯವನ್ನೇ ಕಡಿಯಬೇಕಾಗಿಲ್ಲ. ಆ ಹೊತ್ತಿಗೆ ನಡುವಿನ ಹಾದಿಯನ್ನು ಮಾತ್ರ ತಗ್ಗಿಸಿ, ಕೇಳುತ್ತಿರುವ ಪಾತ್ರದ ಮುಖವನ್ನು ಅಲ್ಲಿಗೆ ತನ್ನಿ. ಸಂಗೀತ ತನ್ನ ಪಾಡಿಗೆ ಹರಿಯುತ್ತಿರುತ್ತದೆ. ನೀವು ಬಹುಶಃ ಎರಡೇ ಹಾದಿಯ ಸ್ಟೀರಿಯೊ ಕಡತದ ಮೇಲೆ ಕೆಲಸ ಮಾಡುತ್ತಿದ್ದೀರಿ, ಅಲ್ಲಿ ಎಲ್ಲವೂ ಕಲಸಿದ ಅನ್ನ. ಹಾಗಿದ್ದರೂ ‘ಡೆಮುಕ್ಸ್’ನಂಥ ಉಚಿತ ತಂತ್ರಾಂಶಗಳು ಮಾತನ್ನೂ ಸಂಗೀತವನ್ನೂ ತಕ್ಕಮಟ್ಟಿಗೆ ಬೇರ್ಪಡಿಸುತ್ತವೆ. ಸಂಗೀತ ಕಡಿಯಲೇಬೇಕಾದಲ್ಲಿ ತಾಳದ ಪೆಟ್ಟಿನ ಮೇಲೆ ಕಡಿಯಿರಿ, ಇಲ್ಲವೇ ಬಾಗಿಲು ಬಡಿದ ಸದ್ದು, ಕುದುರೆಯ ಕೆನೆತ, ಕತ್ತಿಯ ಖಣಖಣ ಇಂಥದರ ಅಡಿಯಲ್ಲಿ ಬೆಸುಗೆಯನ್ನು ಬಚ್ಚಿಡಿ. ಮುಂದಿನ ದೃಶ್ಯದ ಶಬ್ದವನ್ನು ಚಿತ್ರಕ್ಕಿಂತ ಅರ್ಧ ಸೆಕೆಂಡ್ ಮೊದಲೇ ಒಳಗೆ ಬಿಡುವುದು ಇನ್ನೊಂದು ಹಳೆಯ ಉಪಾಯ. ಕಿವಿ ಮೊದಲೇ ಹೊಳೆ ದಾಟಿರುವುದರಿಂದ ಕಣ್ಣಿಗೆ ಆ ಜಿಗಿತ ಗೊತ್ತಾಗುವುದಿಲ್ಲ. ಅದೂ ಆಗದಿದ್ದರೆ ಅದೇ ಸಂಗೀತ ನಿರ್ದೇಶಕರ ಬೇರೊಂದು ತುಣುಕನ್ನು ಹಾಸಿ. ನಿಮ್ಮ ಸರಣಿಗೆ ರಾಮಿನ್ ಜವಾದಿ ಎಂಟೂ ಸೀಸನ್‌ಗೆ ಸಂಗೀತ ಕೊಟ್ಟಿದ್ದಾರೆ, ತುಣುಕುಗಳಿಗೇನೂ ಬರವಿಲ್ಲ.

ಹೊಸಬರು ಮರೆಯುವುದು ಮೌನವನ್ನು. ಯಾವ ಎರಡು ಜಾಗಗಳ ಮೌನವೂ ಒಂದಲ್ಲ. ಕೋಟೆಯ ಒಳಕೋಣೆಯ ಮೌನ ಬೇರೆ, ಹಿಮದ ಬಯಲಿನದು ಬೇರೆ. ಮಾತು ತೆಗೆದ ಜಾಗವನ್ನು ಖಾಲಿ ಬಿಟ್ಟರೆ ಅಲ್ಲೊಂದು ಕಪ್ಪು ಗುಂಡಿ ಬಿದ್ದ ಹಾಗೆ ಕೇಳಿಸುತ್ತದೆ. ಅದೇ ದೃಶ್ಯದಲ್ಲಿ ಯಾರೂ ಮಾತನಾಡದ ಎರಡು ಸೆಕೆಂಡ್ ಹುಡುಕಿ, ಅದನ್ನೇ ನಕಲು ಮಾಡಿ ಗುಂಡಿಯನ್ನು ಮುಚ್ಚಿ.

ತುಟಿ ತಪ್ಪುವುದಕ್ಕೆ ಮದ್ದು ಸುಲಭ. ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರದಲ್ಲಿ ತಪ್ಪಿದ್ದರೆ ಶಬ್ದವನ್ನು ಅಷ್ಟು ಸರಿಸಿದರೆ ಮುಗಿಯಿತು. ಹೋಗುತ್ತಾ ಹೋಗುತ್ತಾ ಅಂತರ ಬೆಳೆಯುತ್ತಿದ್ದರೆ ಚಿತ್ರವನ್ನು ಒಂದು ಕಡೆಯಿಂದಲೂ ಶಬ್ದವನ್ನು ಇನ್ನೊಂದು ಕಡೆಯಿಂದಲೂ ತಂದಿದ್ದೀರಿ ಎಂದರ್ಥ. ಸೆಕೆಂಡಿಗೆ 24 ಫ್ರೇಮ್ ಓಡುವ ಕಡತಕ್ಕೂ 23.976 ಓಡುವ ಕಡತಕ್ಕೂ ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ ಬೀಳುತ್ತದೆ. ಮೊದಲ ನಿಮಿಷದಲ್ಲಿ ಯಾರೂ ಗಮನಿಸುವುದಿಲ್ಲ, ಎರಡನೆಯ ಗಂಟೆಗೆ ಎಲ್ಲರೂ ಬೊಂಬೆಯಾಟದ ಪಾತ್ರಗಳಾಗಿರುತ್ತಾರೆ. ಕಂಪ್ಯೂಟರ್ ಪರದೆಯನ್ನೇ ರೆಕಾರ್ಡ್ ಮಾಡಿಕೊಂಡ ಕಡತವಾದರೆ ಅದರ ವೇಗವೇ ಏರಿಳಿಯುತ್ತಿರುತ್ತದೆ. ಅದನ್ನು ಮೊದಲು ಸ್ಥಿರ ವೇಗಕ್ಕೆ ಪರಿವರ್ತಿಸದೆ ಒಂದು ಕಟ್ ಕೂಡ ಹಾಕಬೇಡಿ. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿ ನಿಮಗೆ ಧಾರಾಳ ಸಾಕು, ಆದರೆ ಮೊದಲ ತುಣುಕು ಒಳಗೆ ಬರುವ ಮೊದಲೇ ಅದರಲ್ಲಿ ಫ್ರೇಮ್ ವೇಗವನ್ನು ನಿಗದಿ ಮಾಡಿ. ಆಮೇಲೆ ಬದಲಿಸಲು ಅದು ಬಿಡುವುದಿಲ್ಲ.

ಇನ್ನು ಏನನ್ನು ಕತ್ತರಿಸಬೇಕು? ಕತೆಗೆ ಬೇಡವಾದದ್ದನ್ನೆಲ್ಲ ತೆಗೆದರೆ ಒಳ್ಳೆಯ ಚಿತ್ರ ಉಳಿಯುತ್ತದೆಂಬುದು ಹೊಸಬರ ಭ್ರಮೆ. ಪಕ್ಕದ ಚಿತ್ರದುರ್ಗಕ್ಕೇ ಹೋಗೋಣ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಒನಕೆ ಓಬವ್ವನಾಗಿ ಬರುವ ಹಾಡನ್ನು ನೆನಪಿಸಿಕೊಳ್ಳಿ. ಹೈದರನ ಕಾಲದ ಓಬವ್ವನಿಗೂ ಇಪ್ಪತ್ತನೆಯ ಶತಮಾನದ ರಾಮಾಚಾರಿಯ ಪ್ರೇಮಪ್ರಕರಣಗಳಿಗೂ ಕಥಾಸಂಬಂಧ ಏನಿದೆ? ಆ ಹಾಡನ್ನು ಕಿತ್ತರೆ ಒಂದು ಘಟನೆಯೂ ಅಲುಗುವುದಿಲ್ಲ. ಜಾತ್ರೆಯ ದಿನ ನಮ್ಮ ಮ್ಯಾನೇಜರ್ ಕೈಗೆ ಸಿಕ್ಕಿದ್ದರೆ ಮೊದಲು ಹೋಗುತ್ತಿದ್ದದ್ದು ಅದೇ. ಆದರೆ ಅದು ಹೋದರೆ ಆ ಹುಡುಗನ ಸಿಟ್ಟು ಬರಿಯ ಕಾಲೇಜು ಹುಡುಗನ ಸಿಟ್ಟಾಗುತ್ತದೆ. ಇದ್ದರೆ ಆ ಬಂಡೆಗಳಿಗೂ ಅವನಿಗೂ ಒಂದು ರಕ್ತಸಂಬಂಧ ಇರುತ್ತದೆ. ಇಂದಿಗೂ ಕೋಟೆಗೆ ಬಂದವರು ಓಬವ್ವನ ಕಿಂಡಿ ಎಲ್ಲಿ ಎಂದು ಕೇಳುವಾಗ ಅರ್ಧ ಜನರ ಕಣ್ಣ ಮುಂದೆ ಇರುವುದು ಆ ಹಾಡೇ. ಹಾಲಿವುಡ್‌ನ ಹಿರಿಯ ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಕಟ್‌ನ ಗುಣವನ್ನು ಅಳೆಯಲು ಅಂಕಗಳನ್ನು ಹಂಚಿದ್ದಾರೆ: ನೂರರಲ್ಲಿ 51 ಭಾವಕ್ಕೆ, 23 ಕತೆಗೆ, 10 ಲಯಕ್ಕೆ. ಉಳಿದ ಹದಿನಾರರಲ್ಲಿ ನೋಟದ ದಿಕ್ಕು, ಜಾಗದ ಹೊಂದಾಣಿಕೆ ಇತ್ಯಾದಿ. ಕತೆಗೆ ಭಾವದ ಅರ್ಧದಷ್ಟೂ ಇಲ್ಲ, ಗಮನಿಸಿ.

ಆದ್ದರಿಂದ ಕಂಪ್ಯೂಟರ್ ತೆರೆಯುವ ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಳ್ಳಿ. ಚಿತ್ರವನ್ನು ಹಾಕಿ, ಪ್ರತಿ ದೃಶ್ಯಕ್ಕೂ ಒಂದು ಸಾಲು: ಇಲ್ಲಿ ಯಾರಿಗೆ ಏನು ಗೊತ್ತಾಯಿತು, ಯಾರ ಮನಸ್ಸು ಎತ್ತ ತಿರುಗಿತು. ತೆಗೆಯಬೇಕೆನಿಸಿದ ದೃಶ್ಯದ ಎದುರು, ಅದನ್ನು ತೆಗೆದರೆ ಮುಂದೆ ಎಲ್ಲೆಲ್ಲಿ ಬ್ಯಾಂಡೇಜ್ ಕಾಣಿಸಿಕೊಳ್ಳುತ್ತದೆ ಎಂದು ಬರೆಯಿರಿ. ಬಟ್ಟೆ, ಗಡ್ಡ, ಗಾಯ, ಹೊತ್ತು, ಮಳೆ, ಪಾತ್ರದ ಕೈಯಲ್ಲಿರುವ ಕತ್ತಿ ಎಲ್ಲವೂ ಸಾಕ್ಷಿ ಹೇಳುತ್ತವೆ. ಡಿಸ್ಕಿನಲ್ಲಿ ಕೊಡುವ ಕೈಬಿಟ್ಟ ದೃಶ್ಯಗಳನ್ನೂ ನೋಡಿ. ಗಿಡ್ಡ ಅಂಗಿಗೆ ಒಂದಿಷ್ಟು ಬಟ್ಟೆ ಸಿಗುವ ಜಾಗವೆಂದರೆ ಅದೊಂದೇ. ಈ ಕೆಲಸಕ್ಕೆ ಹದಿನೈದು ದಿನ ಹಿಡಿದರೂ ಹಿಡಿಯಲಿ.

ಕಾನೂನಿನ ಮಾತಿಗೆ ಬರುತ್ತೇನೆ. ನಾನು ವಕೀಲನಲ್ಲ, ಆದರೆ ಈ ಕಸುಬಿನಲ್ಲಿ ಇರುವವರು ಇಷ್ಟು ತಿಳಿದಿರಲೇಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ಖಾಸಗಿ ಬಳಕೆ, ಅಧ್ಯಯನ, ವಿಮರ್ಶೆಗಳಿಗೆ ನ್ಯಾಯಯುತವಾದ ಬಳಕೆಯ ಅವಕಾಶ ಕೊಡುತ್ತದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಕಲಿಯಲೆಂದು ಕತ್ತರಿಸುವವನು ಆ ನೆರಳಿಗೆ ಹತ್ತಿರದಲ್ಲಿದ್ದಾನೆ. ಅಂತರ್ಜಾಲಕ್ಕೆ ಏರಿಸಿದ, ಗೆಳೆಯರಿಗೆ ಹಂಚಿದ, ಕಾಲೇಜು ಸಮಾರಂಭದಲ್ಲಿ ತೋರಿಸಿದ ಕ್ಷಣ ನೆರಳಿನಿಂದ ಬಿಸಿಲಿಗೆ ಬಂದಂತೆ. 63ನೆಯ ಸೆಕ್ಷನ್ ಪ್ರಕಾರ ತಿಳಿದೂ ಹಕ್ಕು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆಯುವುದನ್ನು 2012ರಲ್ಲಿ ಸೇರಿದ 65ಎ ಸೆಕ್ಷನ್ ಬೇರೆಯಾಗಿಯೇ ಅಪರಾಧವೆನ್ನುತ್ತದೆ. ‘ಅಭಿಮಾನದಿಂದ ಮಾಡಿದೆ’ ಎಂಬ ವಿನಾಯಿತಿ ಯಾವ ಸೆಕ್ಷನ್‌ನಲ್ಲೂ ಇಲ್ಲ. ಆಸ್ಕರ್ ಪಡೆದ ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ 2015ರಲ್ಲಿ ‘2001: ಎ ಸ್ಪೇಸ್ ಒಡಿಸ್ಸಿ’ಯನ್ನು 110 ನಿಮಿಷಕ್ಕೆ ಇಳಿಸಿ ತಮ್ಮ ಜಾಲತಾಣದಲ್ಲಿ ಇಟ್ಟಿದ್ದರು, ಹಕ್ಕುದಾರರು ಕೇಳಿದಾಗ ತೆಗೆಯಬೇಕಾಯಿತು. ನಟ ಟೋಫರ್ ಗ್ರೇಸ್ ಜಾಣ. ‘ಸ್ಟಾರ್ ವಾರ್ಸ್’ನ ಮೂರು ಚಿತ್ರಗಳನ್ನು 85 ನಿಮಿಷಕ್ಕೆ ಇಳಿಸಿ, ಗೆಳೆಯರನ್ನು ಕರೆದು ತೋರಿಸಿ, ಅಲ್ಲಿಗೇ ಮುಗಿಸಿದರು. ನಮ್ಮ ಕಾನೂನಿನಲ್ಲಿ ಅದಕ್ಕೂ ಎಷ್ಟು ಜಾಗವಿದೆಯೆಂಬುದು ಕರೆದ ಗೆಳೆಯರ ಸಂಖ್ಯೆಯನ್ನು ಅವಲಂಬಿಸೀತು. ನಿಮ್ಮ ಕಡತಗಳು ಎಲ್ಲಿಂದ ಬಂದವೆಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಮೂಲ ಡಿಸ್ಕನ್ನು ಹಣ ಕೊಟ್ಟು ಕೊಳ್ಳದವನು ಕತ್ತರಿ ಮುಟ್ಟಬಾರದು, ಕತ್ತರಿಸಿದ್ದರಿಂದ ಒಂದು ರೂಪಾಯಿಯೂ ಗಳಿಸಬಾರದು ಎಂಬುದು ಈ ಹವ್ಯಾಸದವರೇ ಹಾಕಿಕೊಂಡಿರುವ ಕಟ್ಟುಪಾಡು ಎಂದಷ್ಟೇ ತಿಳಿಸುತ್ತೇನೆ.

ನಿಮ್ಮ ಅಕ್ಕನ ಪ್ರಶ್ನೆ ಕಾನೂನಿಗಿಂತ ಗಟ್ಟಿಯಾದದ್ದು. ಮಲೇಬೆನ್ನೂರಿನಲ್ಲಿ ಹುಟ್ಟಿದ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು ಒಂದೇ ಚಿತ್ರವಾಗಿ ಹೊಲಿದಾಗ ಲೇಖಕರಿಗೆ ಅದು ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರೆಂದು ನೊಂದುಕೊಂಡರು ಎಂಬ ಮಾತು ನಮ್ಮ ಕಡೆ ಇಂದಿಗೂ ಓಡಾಡುತ್ತದೆ. ಲೇಖಕರ ನೋವೂ ನಿಜ, ಚಿತ್ರ ದೊಡ್ಡದೆಂಬುದೂ ನಿಜ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯಂಥ ನಾಟಕ ಕಂಪನಿಗಳನ್ನು ನೋಡಿ ಬೆಳೆದ ಊರು ನಮ್ಮದು. ಜನ ನಕ್ಕರೆ ಹಾಸ್ಯದ ದೃಶ್ಯ ಬೆಳೆಯುತ್ತಿತ್ತು, ಆಕಳಿಸಿದರೆ ಕುಗ್ಗುತ್ತಿತ್ತು, ‘ಒನ್ಸ್ ಮೋರ್’ ಎಂದರೆ ಸತ್ತವನೂ ಎದ್ದು ಹಾಡುತ್ತಿದ್ದ. ನಾಟಕ ಪ್ರತಿ ರಾತ್ರಿಯೂ ಮರುಸಂಕಲನವಾಗುತ್ತಿತ್ತು. ಹಾಗಾಗಿ ಕೈಹಾಕಿದ್ದೇ ಪಾಪವೆಂದು ನನಗೆ ಅನ್ನಿಸುವುದಿಲ್ಲ. ಮೂಲವನ್ನು ಅಳಿಸಿ ತನ್ನದನ್ನು ಅಲ್ಲಿ ಕೂರಿಸುವುದು ಮಾತ್ರ ಅನ್ಯಾಯ, ಅದನ್ನು ಯಾರು ಮಾಡಿದರೂ. 2013ರ ‘ರಾಂಝಣಾ’ ಚಿತ್ರದ ದುರಂತ ಅಂತ್ಯವನ್ನು 2025ರಲ್ಲಿ ನಿರ್ಮಾಣ ಸಂಸ್ಥೆ ಕೃತಕ ಬುದ್ಧಿಮತ್ತೆಯಿಂದ ಸುಖಾಂತವಾಗಿಸಿ ಅದರ ತಮಿಳು ಅವತರಣಿಕೆಯನ್ನು ಮತ್ತೆ ತೆರೆಗೆ ತಂದಿತು. ನಿರ್ದೇಶಕ ಆನಂದ್ ಎಲ್. ರಾಯ್, ನಾಯಕ ಧನುಷ್ ಇಬ್ಬರೂ ಪ್ರತಿಭಟಿಸಿದರು. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಕರ್ತೃ ಎಂದರೆ ನಿರ್ದೇಶಕನಲ್ಲ, ನಿರ್ಮಾಪಕ. ಇದಕ್ಕೆ ತಿರುಗಿನ ಕತೆಯೂ ಉಂಟು. ಜಾರ್ಜ್ ಲ್ಯೂಕಾಸ್ ತಮ್ಮದೇ ಹಳೆಯ ‘ಸ್ಟಾರ್ ವಾರ್ಸ್’ ಚಿತ್ರಗಳಿಗೆ 1997ರಲ್ಲಿ ಹೊಸ ಗ್ರಾಫಿಕ್ಸ್ ಮೆತ್ತಿದರು. ಅದನ್ನೆಲ್ಲ ಕೆರೆದು ಮೊದಲು ತೆರೆಕಂಡ ರೂಪವನ್ನು ಮತ್ತೆ ಕಟ್ಟಿದ್ದು ಹಾರ್ಮಿ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಜೆಕ್ ದೇಶದ ಒಬ್ಬ ಅಭಿಮಾನಿ. ಒಡೆಯನೇ ಕೆಡಿಸಿದ್ದನ್ನು ಅಭಿಮಾನಿ ಕಾಪಾಡಿದ. ಇದನ್ನು ಅಕ್ಕನಿಗೆ ಹೇಳಿ. ಒಪ್ಪದಿದ್ದರೆ ಅವರ ವಾದವನ್ನು ನನಗೂ ಬರೆದು ಕಳುಹಿಸಿ.

ಈಗ ಮಾಡಬೇಕಾದದ್ದು. ಕೊನೆಯ ಸೀಸನ್ನಿನ ಕಡತವನ್ನು ಮುಚ್ಚಿಡಿ. ಅದೇ ಸರಣಿಯ ಮೇಲೆ ಪ್ರೀತಿ ಬಿಡದಿದ್ದರೆ ಎಂಟು ಸೀಸನ್‌ಗಳಿಂದ ಆರ್ಯಾ ಎಂಬ ಹುಡುಗಿಯೊಬ್ಬಳ ಕತೆಯನ್ನು ಮಾತ್ರ ಹೆಕ್ಕಿ ಕಟ್ಟಿ. ಅಲ್ಲಿ ಬಟ್ಟೆ ಬೇಕಾದಷ್ಟಿದೆ. ಕೊನೆಯ ಸೀಸನ್ನಿನ ಅವಸರವೂ ಅವಳೊಬ್ಬಳ ಕತೆಯಲ್ಲಿ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಮೊದಲು ಇಪ್ಪತ್ತು ನಿಮಿಷ ಮಾಡಿ, ಪೂರ್ತಿ ಬೇಡ. ಮಾಡಿದ ಮೇಲೆ ಅಕ್ಕನಿಗೆ ತೋರಿಸಬೇಡಿ. ಎಂಟೂ ಸೀಸನ್ ನೋಡಿದವರ ತಲೆ, ನೀವು ಕಿತ್ತದ್ದನ್ನೆಲ್ಲ ತಾನೇ ತುಂಬಿಕೊಂಡುಬಿಡುತ್ತದೆ. ಆ ಸರಣಿಯ ಹೆಸರನ್ನೇ ಕೇಳದ ಅಮ್ಮನನ್ನೋ ಚಿಕ್ಕಮ್ಮನನ್ನೋ ಕೂರಿಸಿ. ಇಂಗ್ಲಿಷ್ ಬಾರದಿದ್ದರೆ ಇನ್ನೂ ಒಳ್ಳೆಯದು, ಮಾತಿನ ಊರುಗೋಲಿಲ್ಲದೆ ಚಿತ್ರ ನಡೆಯುತ್ತದೋ ಇಲ್ಲವೋ ತಿಳಿಯುತ್ತದೆ. ನೀವು ಪರದೆಯನ್ನು ನೋಡದೆ ಅವರ ಮುಖವನ್ನೇ ನೋಡುತ್ತಿರಿ. ‘ಇವನ್ಯಾರು?’ ಎಂದು ಕೇಳಿದ ನಿಮಿಷವನ್ನೂ ಮೊಬೈಲಿಗೆ ಕೈಹಾಕಿದ ನಿಮಿಷವನ್ನೂ ಗುರುತು ಹಾಕಿಕೊಳ್ಳಿ. ಮತ್ತು ಆ ಹೊತ್ತಿನಲ್ಲಿ ಖಾರಾ ಮಂಡಕ್ಕಿ, ಮಿರ್ಚಿ ತಂದಿಡಬೇಡಿ. ಮಂಡಕ್ಕಿ ಅಗಿಯುವ ಸದ್ದಿನಲ್ಲಿ ಎಂಥ ಕೆಟ್ಟ ಬೆಸುಗೆಯೂ ಕೇಳಿಸುವುದಿಲ್ಲ.